ಕಳ್ಳ ಕುಬಸದ ಬಳೆ

ಮತ್ತೆ ಅದೇ ಎಣ್ಣೆಯ ವಾಸನೆ, ಬಾದಾಮಿಯೋ ನೆಲ್ಲಿಕಾಯಿಯೋ ಯಾವನಿಗೆ ಗೊತ್ತು, ಲೋಕಲ್ ರೈಲು ಓಲಾಡಿದಾಗಲೆಲ್ಲ ಮುಂದೆ ನಿಂತವಳ ಜಡೆ ಬಂದು ವೈಶಾಲಿಯ ಮೂಗಿಗೇ ತಾಗುತ್ತದೆ, ಮುಖ ಹಿಂದಕ್ಕೆ ತಿರುಗಿಸೋಣ ಎಂದರೆ ಅಲ್ಲೊಬ್ಬಳು ಟಿಫಿನ್ ತೆರೆದು ಥೇಪ್ಲಾ ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿ ತಿನ್ನುತ್ತಿದ್ದಾಳೆ, ಬೆಳಿಗ್ಗೆ ಆರೂಮುಕ್ಕಾಲಿಗೆ, ಹೆಂಗಸರ ಡಬ್ಬಾದಲ್ಲಿ, ಕಾಲಿಡಲು ಜಾಗವಿಲ್ಲದ ಕಡೆ ಬೆರಳು ನೆಕ್ಕುತ್ತ, ಥೂ, ಬಾಯಲ್ಲಿ ನೀರೂರುತ್ತಿದೆ, ಹಸಿವಿನ ನೀರಲ್ಲ, ವಾಂತಿಗೆ ಮುಂಚೆ ಬರುವ ಆ ತೆಳ್ಳನೆಯ ಹುಳಿ ನೀರು, ನುಂಗು, ಘಾಟ್ಕೋಪರ್‌ನಿಂದ ಬೈಕುಲ್ಲಾವರೆಗೆ ನುಂಗುತ್ತಲೇ ಹೋಗು, ಎರಡು ತಿಂಗಳಿಂದ ನುಂಗಿದ್ದೇ ಬಂತು, ಸಂಕಟ ನುಂಗು, ಸುದ್ದಿ ನುಂಗು, ಸೊಂಟಕ್ಕೆ ಯಾರೋ ಮೊಣಕೈ ತಿವಿದರೆ ಬೈಗುಳವನ್ನೂ ನುಂಗು. ಮೇಲಿನ ಹಿಡಿಕೆಗೆ ಎಡಗೈ ಕೊಟ್ಟು ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದಾಳೆ, ಮಣಿಕಟ್ಟಿನ ಸುತ್ತ ಕ್ರೇಪ್ ಬ್ಯಾಂಡೇಜು, ಕ್ಯಾ ಹುವಾ ಎಂದು ಆ ಥೇಪ್ಲಾದವಳು ಎಣ್ಣೆ ಬಾಯಲ್ಲೇ ಕೇಳಿದಳು, ಗಿರ್ ಗಯೀ ಥೀ, ಬಿದ್ದೆ, ಅಂದಳು ವೈಶಾಲಿ, ಸುಳ್ಳು ಈಗ ಉಗುಳಿನಷ್ಟು ಸಲೀಸಾಗಿ ಬರುತ್ತದೆ. ಬಿದ್ದಿಲ್ಲ, ಉಳುಕಿಲ್ಲ, ಬ್ಯಾಂಡೇಜಿನ ಕೆಳಗೆ ಆರು ಹಸಿರು ಗಾಜಿನ ಬಳೆಗಳಿವೆ, ಬೆವರಿಗೆ ಅಂಟಿಕೊಂಡು ತುರಿಸುತ್ತ, ಗಾಡಿ ಕುಲುಕಿದಾಗಲೆಲ್ಲ ಒಳಗೊಳಗೇ ಕಿಣಿ ಎನ್ನುತ್ತ. ಇವತ್ತು ನರ್ಸಿಂಗ್ ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ.

ನಿನ್ನೆ ಸಂಜೆ ಅತ್ತೆ ದಾನವ್ವ ಒಳಗಿನಿಂದ ಚಿಲಕ ಹಾಕಿದರು, ಕಿಟಕಿ ಎಳೆದರು, ಇರುವ ಒಂದೂವರೆ ರೂಮಿನಲ್ಲಿ ಊದಿನಕಡ್ಡಿ ಹೊಗೆ ತುಂಬಿ ಕಣ್ಣು ಉರಿ, ಮೂರನೇ ತಿಂಗಳ ಮುಗಿಯಾಕ ಬಂತವ್ವ, ಕಳ್ಳ ಕುಬಸ ಮಾಡದ ಬಿಟ್ರ ಹ್ಯಾಂಗ, ನಮ್ಮ ವಿಜಾಪುರ ಕಡೆ ಇದನ್ನ ಯಾರೂ ತಪ್ಪಸಂಗಿಲ್ಲ ಎನ್ನುತ್ತ ಕುಪ್ಪಸದ ಹಸಿರು ಖಣ ಮಡಿಲಿಗಿಟ್ಟರು, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಮಾಡುವವರು ಅವರೊಬ್ಬರೇ, ನೋಡುವವರು ಯಾರೂ ಇಲ್ಲ, ಅದಕ್ಕೇ ಅದು ಕಳ್ಳ ಕುಬಸ, ಐದರಾಗ ಬಿಲ್ಡಿಂಗಿನವರನೆಲ್ಲ ಕರದ ಛಂದಾಗಿ ಮಾಡೂನು, ಅಲ್ಲೀತನಾ ಯಾರ ಮುಂದೂ ಬಾಯಿ ಬಿಡಬ್ಯಾಡ, ಕಣ್ಣ ಬೀಳತಾವ. ಅತ್ತಿ, ನಾಳೆ ಪರೀಕ್ಷಾ ಅದರಿ, ವಾರ್ಡಿನ್ಯಾಗ ಬಳಿ ಹಾಕ್ಕೊಂಡ್ರ ಒಳಗ ಬಿಡಂಗಿಲ್ರಿ ಎಂದಳು ವೈಶಾಲಿ. ಎಂಥಾ ದವಾಖಾನಿನೋ ಏನೋ, ಮುತ್ತೈದಿಗಿ ಬರಗೈಲೆ ಬಾ ಅಂತಾರ ಎಂದು ದಾನವ್ವ ಸೋಪು ಹಚ್ಚಿದರು, ಅಂಗೈಯನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಿ ಒಂದೊಂದೇ ಏರಿಸಿದರು, ಬೇಕೆಂದೇ ಒಂದಳತೆ ಸಣ್ಣವು, ಸಡ್ಲ ಇದ್ರ ನೀ ತಗದ ಇಡ್ತೀ ಅಂತ ನನಗ ತಿಳಿಯಂಗಿಲ್ಲೇನ, ಬಾಯಿಂದ ಎಲೆ ತಂಬಾಕಿನ ವಾಸನೆ, ಇಷ್ಟು ಹತ್ತಿರ, ವೈಶಾಲಿ ಉಸಿರು ಹಿಡಿದು ಕೂತಳು, ಆಮೇಲೆ ಅವರು ಮೆಲ್ಲಗೆ, ಗೋಡೆಗೆ ಹೇಳಿದಂತೆ, ಅನಿಕೇತ ಹುಟ್ಟೂ ಮೊದಲ ನನಗ ಎರಡ ಬಸರ ನಿಲ್ಲಲಿಲ್ಲವ್ವ, ಎರಡಕ್ಕೂ ಕುಬಸಾ ಮಾಡಾವ್ರ ಯಾರೂ ಇದ್ದಿದ್ದಿಲ್ಲ, ಅಂದರು. ಇದೊಂದು ಮಾತು ಅವರು ಆಡಬಾರದಿತ್ತು. ಬೈದರೆ ತಿರುಗಿ ಬೈಯಬಹುದು, ಹೊಡೆದರೆ ಅಳಬಹುದು, ಇಂಥದ್ದಕ್ಕೆ ಏನು ಮಾಡುವುದು, ತಂಬಾಕಿನ ವಾಸನೆಯ ಜೊತೆ ಆ ಎರಡು ಕೂಸುಗಳೂ ಬಂದು ಗಂಟಲಲ್ಲಿ ಕೂತವು.

ವಿದ್ಯಾವಿಹಾರ, ಕುರ್ಲಾ, ಇಳಿಯುವವರಿಗಿಂತ ಹತ್ತುವವರೇ ಹೆಚ್ಚು, ಹೊಟ್ಟೆಗೆ ಯಾರದೋ ಬ್ಯಾಗು ಒತ್ತುತ್ತದೆ, ಒತ್ತಬೇಡ, ಅಲ್ಲಿದೆ, ಸೋನೋಗ್ರಫಿಯವನು ತೋರಿಸಿದಾಗ ಅವರೆಕಾಳಿನಷ್ಟು ಇತ್ತು, ಅದರ ನಡುವೆ ಏನೋ ಮಿಣಮಿಣ, ಅದೇ ಹೃದಯ ಎಂದ, ಅವತ್ತು ಒಬ್ಬಳೇ ಹೋಗಿದ್ದಳು, ಹೊರಗೆ ಬಂದು ಘಾಟ್ಕೋಪರ್ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ನಕ್ಕಳು, ಜನ ನೋಡಿದರು, ನೋಡಲಿ ಅಂದುಕೊಂಡಳು, ಬೇಕಾಗಿತ್ತು, ಈ ಕೂಸು ಬೇಕಾಗಿತ್ತು, ಈಗಲೇ ಬೇಕಾಗಿರಲಿಲ್ಲ ಅಷ್ಟೆ, ಆದರೆ ಬಂದ ಮೇಲೆ ಬೇಕು, ನರ್ಸ್ ಆಗುವುದೂ ಬೇಕು, ಎರಡೂ ಬೇಕು ಎಂದರೆ ದುರಾಸೆಯೇ. ಇವತ್ತು ಬೆಳಿಗ್ಗೆ ಬಾತ್‌ರೂಮಿನಲ್ಲಿ ಎಡಗೈಯ ಐದು ಬಳೆ ಸೋಪಿಗೆ ಇಳಿದವು, ಬಲಗೈಯವು ಇಳಿಯಲಿಲ್ಲ, ಬಲಗೈ ದುಡಿಯುವ ಕೈ, ಗಟ್ಟಿ ಎಲುಬು, ಚರ್ಮ ಕೆಂಪಾಗಿ ಕಿತ್ತು ಬಂತು, ಬಳೆ ಬರಲಿಲ್ಲ. ಬಾಗಿಲಾಚೆ ಗಂಡ ಅನಿಕೇತ್, ಹಲ್ಲಿನ ಬ್ರಷ್ ಬಾಯಲ್ಲಿಟ್ಟುಕೊಂಡೇ, ಎಷ್ಟ ಟೈಮ್ ಯಾರ್, ನಂಗೂ ಜಾನಾ ಹೈ, ನೊರೆಯ ಮಾತು, ಬಳಿ ಬರ್ತಾ ಇಲ್ಲ ಎಂದರೆ ಅರೆ ಮ್ಯಾನೇಜ್ ಕರ್ ಲೇ, ದೋ ಮಹೀನೇ ಕೀ ತೋ ಬಾತ್ ಹೈ, ಎರಡೇ ತಿಂಗಳ ಮಾತು, ಎಂದ, ಅವನ ಬಾಯಲ್ಲಿ ಆ ಮ್ಯಾನೇಜ್ ಎಂಬ ಪದ ಕೇಳಿದರೆ ಈಗ ಅವಳಿಗೆ ಅವನ ಟೂತ್‌ಪೇಸ್ಟೂ ಹೇಸಿಗೆ. ನಲ್ಲಿಯ ಹಿತ್ತಾಳೆ ಮೂತಿಗೆ ಕೈ ಅಪ್ಪಳಿಸಿದ್ದರೆ ಒಂದು ಕ್ಷಣದ ಕೆಲಸ, ಆರೂ ಚೂರು, ಕಸದ ಡಬ್ಬಿ, ಮುಗಿಯಿತು. ಎತ್ತಿದಳು ಕೈ. ಇಳಿಸಲಾಗಲಿಲ್ಲ. ಮೂರು ವರ್ಷ ರೋಗಾಣುವಿನ ಪಾಠ ಬರೆದ ಕೈ, ದಾನವ್ವನ ದೃಷ್ಟಿ, ಕಣ್ಣು, ನಿವಾಳಿಗೆಲ್ಲ ಒಳಗೇ ನಗುವವಳ ಕೈ, ಹಸಿರು ಬಳೆ ಒಡೆದರೆ ಕೂಸಿಗೆ ಏನಾದರೂ ಆದರೆ ಎಂದು ಗಾಳಿಯಲ್ಲಿ ನಿಂತುಬಿಟ್ಟಿತು, ಛೀ, ಎಲ್ಲಕ್ಕಿಂತ ಹೇಸಿಗೆ ಅನಿಸಿದ್ದು ಅದು. ಆಮೇಲೆ ಕ್ರೇಪ್ ಬ್ಯಾಂಡೇಜು ಹುಡುಕಿ ಸುತ್ತಿದಳು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ದಾದರಿನಲ್ಲಿ ಜಡೆಯವಳು ಇಳಿದಳು, ಎಣ್ಣೆ ಮಾತ್ರ ಮೂಗಿನಲ್ಲೇ ಉಳಿಯಿತು, ಪರೀಕ್ಷೆ ಮುಗಿದರೂ ಎರಡು ತಿಂಗಳ ವಾರ್ಡ್ ಹಾಜರಿ ಬಾಕಿ, ಅದು ತುಂಬಿದರೆ ಸರ್ಟಿಫಿಕೇಟು, ತುಂಬದಿದ್ದರೆ ಮುಂದಿನ ಬ್ಯಾಚು, ಗರ್ಭಿಣಿ ಎಂದು ಕಾಗದದಲ್ಲಿ ಬಂದ ದಿನವೇ ವಾರ್ಡಿನಿಂದ ತೆಗೆಯುತ್ತಾರೆ, ನಿನ್ನ ಒಳ್ಳೆಯದಕ್ಕೇ ಎನ್ನುತ್ತಾರೆ, ಹೋದ ವರ್ಷದ ನಿಖಿತಾ ಹಾಗೇ ಪ್ರಾಮಾಣಿಕಳಾಗಿ ಹೇಳಿಕೊಂಡು ಮನೆಗೆ ಹೋದವಳು ಮತ್ತೆ ಬರಲೇ ಇಲ್ಲ, ಮೊನ್ನೆ ಸೊಂಟದ ಮೇಲೆ ಮಗು ಇಟ್ಟುಕೊಂಡು ಆಫೀಸಿನ ಮುಂದೆ ನಿಂತಿದ್ದಳು, ಹತ್ತನೇ ಕ್ಲಾಸಿನ ಮೂಲ ಮಾರ್ಕ್ಸ್‌ಕಾರ್ಡಾದರೂ ವಾಪಸು ಕೊಡಿ ಎಂದು, ಮಗು ಅವಳ ಹೆಗಲ ಮೇಲೆ ಹಾಲು ಕಕ್ಕಿತ್ತು, ಅವಳು ಒರೆಸಿಕೊಂಡಿರಲೂ ಇಲ್ಲ. ಸ್ನೇಹಲ್ ಮೇಡಮ್, ಇವರಿಗೆ ಪಾಠ ಹೇಳುವ ಟ್ಯೂಟರ್, ಅವತ್ತು ಇಡೀ ಕ್ಲಾಸಿಗೆ ಹೇಳಿದರು, ಯಾರಿಗಾದರೂ ಅಂಥದ್ದೇನಾದರೂ ಇದ್ದರೆ ನನಗೆ ಹೇಳಬೇಡಿ, ನನಗೆ ತಿಳಿದರೆ ನಾನು ಬರೆಯಬೇಕಾಗುತ್ತದೆ, ಎಷ್ಟು ಒಳ್ಳೆಯವರು ನೋಡಿ ಎಂದು ಹುಡುಗಿಯರೆಲ್ಲ ಕರಗಿದರು. ಸಂಜೆ ಘಾಟ್ಕೋಪರಿನ ನರ್ಸಿಂಗ್ ಹೋಮಿನಲ್ಲಿ ಕೆಲಸ, ಅಲ್ಲಿಯ ಡಾಕ್ಟರ್ ಹಿತೇಶ್ ಈಗಲೇ ಅವಳನ್ನು ಸ್ಟಾಫ್ ಎಂದು ಬರೆದುಕೊಂಡಿದ್ದಾನೆ, ಪಾಸಾಗುವ ಮೊದಲೇ ಇಂಜೆಕ್ಷನ್ ಕೊಡಿಸುತ್ತಾನೆ, ಎಕ್ಸ್‌ಪೀರಿಯೆನ್ಸ್ ಮಿಲ್ ರಹಾ ಹೈ ನಾ ಎನ್ನುತ್ತಾನೆ, ಸರ್ಟಿಫಿಕೇಟ್ ತಂದ ದಿನ ಪಕ್ಕಾ ನೌಕರಿ, ಬಸ್ ಅಭೀ ಬಚ್ಚಾ ವಚ್ಚಾ ಮತ್ ಕರ್ನಾ, ಈಗಲೇ ಮಕ್ಕಳು ಗಿಕ್ಕಳು ಬೇಡ, ಎಂದು ನಗುತ್ತಾನೆ, ಹಲ್ಲಿನ ಸಂದಿಯಲ್ಲಿ ಸೋಂಪಿನ ಚೂರು. ಎಲ್ಲರೂ ಹೇಳಿದ್ದು ಒಂದೇ ಮಾತು, ಮುಚ್ಚಿಡು, ದಾನವ್ವ ದೃಷ್ಟಿಗೆ ಹೆದರಿ, ಮೇಡಮ್ ಕಾಗದಕ್ಕೆ ಹೆದರಿ, ಗಂಡ ಬೆಳಿಗ್ಗೆ ಬೆಳಿಗ್ಗೆ ಕಿರಿಕಿರಿ ಬೇಡವೆಂದು, ಅವಳ ಹೊಟ್ಟೆಯಲ್ಲಿರುವುದು ಕೂಸಲ್ಲ, ಕದ್ದ ಮಾಲು. ಬೈಕುಲ್ಲಾ ಬಂತು, ಇಳಿದಳು, ಮೀನಿನ ಬುಟ್ಟಿಯವಳು ಹಾದುಹೋದಳು, ಪ್ಲಾಟ್‌ಫಾರ್ಮಿನ ಕಂಬ ಹಿಡಿದುಕೊಂಡು ಹತ್ತರವರೆಗೆ ಎಣಿಸಿದಳು, ವಾಂತಿಯಾಗಲಿಲ್ಲ.

ವಾರ್ಡಿನ ಹನ್ನೊಂದನೇ ಮಂಚ ಅವಳಿಗೆ ಬಂದಿದೆ, ಗುರುಬಾಯಿ, ಅರವತ್ತರ ಮುದುಕಿ, ಇಂಡಿ ಕಡೆಯವಳು, ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುತ್ತ ಆರಿಸುತ್ತ ಸಕ್ಕರೆ ಕಾಯಿಲೆ ಕಾಲಿಗಿಳಿದದ್ದು ಗೊತ್ತಾಗದೆ ಬಂದವಳು, ನಿನ್ನೆ ಸೇರಿದ್ದು, ರಕ್ತದ ರಿಪೋರ್ಟು ಇನ್ನೂ ಬಂದಿಲ್ಲ, ಕಾಲಿನ ಪಟ್ಟಿ ಬಿಚ್ಚಿದ ಕೂಡಲೇ ಆ ವಾಸನೆ, ಅದಕ್ಕೆ ಹೆಸರಿಲ್ಲ, ಸತ್ತ ಇಲಿಯೂ ಅಲ್ಲ, ಕೊಳೆತ ಬಟಾಟೆಯೂ ಅಲ್ಲ, ಬದುಕಿರುವವರ ಮೈಯಿಂದ ಬರಬಾರದ ವಾಸನೆ, ಹಿಮ್ಮಡಿಯಲ್ಲಿ ಮೂರು ಬೆರಳು ಹೋಗುವಷ್ಟು ಕುಳಿ, ತುಂಬ ಹಳದಿ ಕೀವು, ಅಂಚು ಕಪ್ಪು. ಹೊರಗಿನಿಂದ ಬಂದ ಪರೀಕ್ಷಕಿ ಮಂಚದ ಕಾಲ ಕಡೆ ನಿಂತಿದ್ದಾರೆ, ಮೂಗಿಗೆ ಸೆಂಟು ಹಾಕಿದ ಕರವಸ್ತ್ರ, ಅವರ ಪಕ್ಕ ಸ್ನೇಹಲ್ ಮೇಡಮ್, ಕೈಗೇನಾಯಿತು ಎಂದು ಪರೀಕ್ಷಕಿ ಕೇಳಿದಾಗ ಸ್ಪ್ರೇನ್ ಎಂದಳು ವೈಶಾಲಿ, ಸ್ನೇಹಲ್ ಮೇಡಮ್ ಬ್ಯಾಂಡೇಜನ್ನೇ ಒಂದು ಕ್ಷಣ ನೋಡಿ ಕಿಟಕಿಯ ಕಡೆ ತಿರುಗಿದರು, ಮರಾಠಿ ಮನೆಯ ಹೆಂಗಸು, ಹಸಿರು ಬಳೆಯ ಕಿಣಿಕಿಣಿ ತಿಳಿಯದೆ ಇದ್ದೀತೇ, ತಿಳಿಯಬಾರದು ಎಂದು ತಿರುಗಿದರು. ಬ್ಯಾಂಡೇಜಿನ ಮೇಲೆ ಗ್ಲೌಸ್ ಎಳೆದುಕೊಂಡಳು, ಮಣಿಕಟ್ಟಿನಲ್ಲಿ ಗಂಟಾಗಿ ನಿಂತಿತು, ಸಲೈನ್ ಸುರಿದಳು, ಒಳಗಿನಿಂದ ಹೊರಕ್ಕೆ ಒರೆಸಬೇಕು, ಒಮ್ಮೆ ಒರೆಸಿದ ಹತ್ತಿ ಮತ್ತೆ ಮುಟ್ಟಬಾರದು, ಕಿಡ್ನಿ ಟ್ರೇ ಎಂಬ ಬಾಗಿದ ತಟ್ಟೆಗೆ ಹಾಕು, ಇನ್ನೊಂದು ತಗೋ, ಹತ್ತಿ ಹಳದಿಯಾಗಿ ಟ್ರೇ ತುಂಬುತ್ತ ಬಂತು, ಬಾಯಲ್ಲಿ ಮತ್ತೆ ಹುಳಿ ನೀರು, ನುಂಗಿದಳು, ಮಾಸ್ಕಿನೊಳಗೆ ತನ್ನದೇ ಉಸಿರು ವಾಪಸು ಬಂದು ಅದಕ್ಕೂ ಅಸಹ್ಯ ಹುಟ್ಟಿತು, ಆದರೂ ಕೈ ತಪ್ಪಲಿಲ್ಲ, ಇದೊಂದು ಅವಳಿಗೆ ಗೊತ್ತು, ಹೊಟ್ಟೆ ತೊಳಸಿದಷ್ಟೂ ಕೈ ನೆಟ್ಟಗೆ ನಡೆಯುತ್ತದೆ. ಗುರುಬಾಯಿ ನಡುವೆ ನಡುವೆ ಯವ್ವಾ ಯವ್ವಾ ಅನ್ನುತ್ತಿದ್ದಳು, ಸ್ವಲ್ಪ ತಡ್ಕೋ ಆಯಿ, ಮುಗೀತು ನೋಡ, ಎಂದಳು ವೈಶಾಲಿ, ಕನ್ನಡ ಕೇಳಿದ ಕೂಡಲೇ ಮುದುಕಿ ಕಣ್ಣು ಬಿಟ್ಟು ಇವಳನ್ನೇ ನೋಡಿದಳು, ಪರೀಕ್ಷಕಿ ಕರವಸ್ತ್ರದ ಹಿಂದಿನಿಂದ ವೆರಿ ಗುಡ್ ಎಂದು ಏನೋ ಬರೆದುಕೊಂಡು ಹನ್ನೆರಡನೇ ಮಂಚಕ್ಕೆ ಹೋದರು. ಆಯಿತು, ಪಾಸು, ವೆರಿ ಗುಡ್ ಅಂದರೆ ಪಾಸೇ, ಕೊನೆಯ ಹತ್ತಿ, ಕುಳಿಯ ತಳ ಒರೆಸಿದಾಗ ಎಲುಬಿಗೆ ತಾಗಿತೇನೋ, ಮುದುಕಿ ಚೀರಿ ಎದ್ದು ಸಿಕ್ಕಿದ್ದನ್ನು ಹಿಡಿದಳು, ಸಿಕ್ಕಿದ್ದು ವೈಶಾಲಿಯ ಬಲಗೈ, ಈರುಳ್ಳಿ ಮೂಟೆ ಎಳೆದ ಹಿಡಿತ, ಮಂಚದ ಕಬ್ಬಿಣದ ಸರಳಿಗೆ ಒತ್ತಿ ಹಿಡಿದಳು, ಒಳಗೆ ಕಟ್ ಎಂದಿತು.

ಮೊದಲು ನೋವಿಲ್ಲ, ಬೆಚ್ಚಗೆ, ಅಷ್ಟೇ. ಕೈ ಕಿತ್ತುಕೊಂಡಳು, ಬ್ಯಾಂಡೇಜನ್ನೂ ಗ್ಲೌಸನ್ನೂ ಒಟ್ಟಿಗೆ ಸೀಳಿ ಹೊರಬಂದಿದ್ದ ಒಂದು ಚೂರು, ಚಿಟಿಕೆ ಗಾತ್ರದ್ದು, ಚಂದ್ರನಂತೆ ಬಾಗಿದ್ದು, ಉದುರಿ ಕಿಡ್ನಿ ಟ್ರೇಗೆ ಬಿತ್ತು, ಹಳದಿ ಹತ್ತಿಗಳ ನಡುವೆ ಹಸಿರು, ಗ್ಲೌಸಿನ ಮೇಲೆ ಗುರುಬಾಯಿಯ ಕೀವು, ರಕ್ತ, ಕೆಳಗೆ ಸೀಳಿನಿಂದ ತನ್ನ ರಕ್ತ, ಎರಡೂ ಸೇರುವುದನ್ನು ಕಣ್ಣಾರೆ ನೋಡಿದಳು. ಗುರುಬಾಯಿಯೂ ಟ್ರೇ ನೋಡಿದಳು, ಹಸಿರ ಬಳಿ, ಅಂದಳು, ಎಷ್ಟರಾಗ ಅದವ್ವ, ಕಳ್ಳ ಕುಬಸ ಮಾಡ್ಯಾರನ, ನನ್ನ ಕಾಲಿನ ಹೊಲಸ ನಿನಗ ಹತ್ತಿತೇನವ್ವ, ಅಂದಳು ಮುದುಕಿ, ನೋವಿನಲ್ಲೇ, ಮೊಣಕೈಯೂರಿ ಎದ್ದು, ಕೂಸಿಗಿ ಏನೂ ಆಗಂಗಿಲ್ಲಲ್ಲ, ಹೇಳವ್ವ, ಕೂಸಿಗಿ ಏನೂ ಆಗಂಗಿಲ್ಲಲ್ಲ. ಎರಡು ತಿಂಗಳಲ್ಲಿ ಈ ಪ್ರಶ್ನೆ ಕೇಳಿದವರು ಯಾರು, ಲೆಕ್ಕ ಹಾಕಿದಳು, ಕುಬಸ ಮಾಡಿದವರು ಕೇಳಲಿಲ್ಲ, ಅಪ್ಪ ಆಗುವವನು ಕೇಳಲಿಲ್ಲ, ಕೇಳಿದ್ದು ಈ ಕೊಳೆತ ಕಾಲಿನ ಮುದುಕಿ, ಅರ್ಧ ಗಂಟೆಯಿಂದ ಮೂಗು ಮುಚ್ಚಿಕೊಳ್ಳಲಾಗದೆ ಇವಳನ್ನು ಶಪಿಸುತ್ತಿದ್ದೆನಲ್ಲ ನಾನು, ನಾಚಿಕೆಯಾಯಿತು. ಸ್ನೇಹಲ್ ಮೇಡಮ್ ಬಂದು ತೋಳು ಹಿಡಿದು ಸಿಂಕಿನ ಬಳಿ ಕರೆದೊಯ್ದರು, ಎಡಗೈಯಲ್ಲಿ ಟ್ರೇಯನ್ನೂ ಎತ್ತಿಕೊಂಡು ಬಂದರು, ಯಾರಿಗೂ ಕಾಣದಿರಲಿ ಎಂದು.

ನಲ್ಲಿ ಪೂರ್ತಿ ತಿರುಗಿಸು, ಹಿಂಡಬೇಡ, ನೀರು ಹರಿಯಲಿ, ಸೋಪು, ಎಲ್ಲ ಬಾಯಿಪಾಠ, ಗ್ಲೌಸು ಹೋಯಿತು, ಬ್ಯಾಂಡೇಜು ಬಿಚ್ಚಿತು, ಐದು ಬಳೆ ಹಾಗೇ ಇವೆ, ಆರನೆಯದು ಇಲ್ಲ, ಮಣಿಕಟ್ಟಿನ ಒಳಬದಿಯಲ್ಲಿ ಒಂದು ಸಣ್ಣ ಬಾಯಿ, ನೀರು ಗುಲಾಬಿಯಾಗಿ ಜಾಲರಿಗೆ ಇಳಿಯುತ್ತದೆ, ಜಾಲರಿಯಲ್ಲಿ ಯಾರೋ ಚೆಲ್ಲಿದ ಚಹಾ ಸೊಪ್ಪು, ಅನ್ನದ ಅಗುಳು, ಥೂ, ಆಸ್ಪತ್ರೆಯ ಸಿಂಕಿನಲ್ಲಿ ಅನ್ನದ ಅಗುಳು. ಮೇಡಮ್ ಗಾಯದ ವರದಿಯ ಫಾರ್ಮ್ ತಂದು ಒರೆಸಿದ ಕಲ್ಲಿನ ಮೇಲೆ ಇಟ್ಟರು, ಟ್ರೇ ಅದರ ಪಕ್ಕ, ತುಂಬಲೇಬೇಕು, ಇಲ್ಲದಿದ್ದರೆ ನನ್ನ ತಲೆಗೆ ಬರುತ್ತದೆ ಎಂದರು ಮರಾಠಿಯಲ್ಲಿ, ಮೆಲುದನಿಯಲ್ಲಿ, ಬಾಗಿಲ ಕಡೆ ನೋಡುತ್ತ, ಇಂಜೆಕ್ಷನ್ನಿನ ಆಂಪ್ಯೂಲ್ ಒಡೆಯುವಾಗ ಗಾಜು ತಾಗಿತು ಅಂತ ಬರಿ, ಅದು ದಿನಾ ಆಗುವಂಥದ್ದು, ಯಾರೂ ಕೇಳುವುದಿಲ್ಲ, ಕೆಳಗೆ ಗರ್ಭಿಣಿಯೇ ಅಂತ ಒಂದು ಸಾಲಿದೆ, ಇಲ್ಲ ಅನ್ನುವ ಚೌಕಕ್ಕೆ ಟಿಕ್ ಹಾಕು, ಇನ್ನೆರಡು ತಿಂಗಳು ಅಷ್ಟೇ ಬಾಳ್, ಎಕ್ಸ್‌ಟರ್ನಲ್ ಪರೀಕ್ಷಕಿ ನಿನಗೆ ಒಳ್ಳೆಯ ಮಾರ್ಕು ಹಾಕಿದ್ದಾರೆ, ನಾನು ನೋಡಿದೆ. ಬಾಳ್, ಮಗು, ಎಂದರು, ಪ್ರೀತಿಯಿಂದಲೇ ಎಂದರು, ಅವರ ಬೆನ್ನ ಮೇಲಿನ ಕೈ ಬೆಚ್ಚಗಿತ್ತು, ವೈಶಾಲಿಗೆ ಆ ಕೈಯನ್ನೂ ತೊಳೆಯಬೇಕೆನಿಸಿತು. ಇದೇ ಬಾಯಿ ಮೊದಲನೇ ವರ್ಷ ಬೋರ್ಡಿಗೆ ಸೀಮೆಸುಣ್ಣ ಬಡಿದು ಹೇಳಿತ್ತಲ್ಲ, ರೋಗಿ ಸುಳ್ಳು ಹೇಳಿದರೆ ಔಷಧ ಸುಳ್ಳಾಗುತ್ತದೆ, ಹೆಣ್ಣು ರೋಗಿಗೆ ಮೊದಲ ಪ್ರಶ್ನೆ, ಮುಟ್ಟು ನಿಂತಿದೆಯೇ, ಗರ್ಭಿಣಿಯೇ, ಕೇಳದೆ ಒಂದು ಮಾತ್ರೆಯನ್ನೂ ಕೊಡಬಾರದು, ಮೂರು ಸಲ ಬರೆಸಿದ್ದರು, ಮೂರು ಸಲವೂ ಅವಳು ಕೆಳಗೆ ಕೆಂಪು ಗೆರೆ ಎಳೆದಿದ್ದಳು. ಸಂಜೆ ಗುರುಬಾಯಿಯ ರಿಪೋರ್ಟು ಬರುತ್ತದೆ, ಏನೂ ಇಲ್ಲದೆಯೂ ಇರಬಹುದು, ರಕ್ತದಿಂದ ಹರಡುವ ರೋಗವೇನಾದರೂ ಇದ್ದರೆ ಗಂಟೆಗಳ ಒಳಗೆ ಮಾತ್ರೆ ಶುರು, ಆ ಮಾತ್ರೆಯನ್ನು ಡಾಕ್ಟರು ಯಾರಿಗೆ ಕೊಡುತ್ತಾನೆ, ಒಬ್ಬಳಿಗೆ, ಕಾಗದದ ಮೇಲೆ ಒಬ್ಬಳೇ, ಅವರೆಕಾಳಿನಷ್ಟಿದ್ದು ಈಗ ನಿಂಬೆಹಣ್ಣಿನಷ್ಟಾಗಿರುವ ಇನ್ನೊಬ್ಬರ ವಿಷಯ ಕಾಗದದಲ್ಲಿ ಇಲ್ಲವೇ ಇಲ್ಲ.

ಪೆನ್ನು ಕೈಯಲ್ಲಿದೆ, ಒದ್ದೆ ಕೈ, ಮೊದಲ ಸಾಲಿನ ಮೇಲೆ ಒಂದು ಹನಿ ಬಿದ್ದು ಶಾಯಿ ಹಬ್ಬಿತು, ಬೇಗ ಬರಿ ಎಂದರು ಮೇಡಮ್, ನಿಖಿತಾಳ ಹೆಗಲ ಮೇಲಿನ ಕಕ್ಕಿದ ಹಾಲು, ದಾನವ್ವನ ನಿಲ್ಲದ ಎರಡು ಕೂಸು, ಸೋಂಪಿನ ಹಲ್ಲು, ಟೂತ್‌ಪೇಸ್ಟಿನ ನೊರೆ, ಮ್ಯಾನೇಜ್ ಕರ್ ಲೇ, ಕೈಗೆ ಬಂದ ತುತ್ತು, ವೆರಿ ಗುಡ್ ಎಂದ ಕರವಸ್ತ್ರ, ಇಲ್ಲ ಎಂಬ ಚೌಕ ಎಡಕ್ಕೆ, ಹೌದು ಎಂಬ ಚೌಕ ಬಲಕ್ಕೆ, ಎರಡೂ ಒಂದೇ ಅಳತೆ, ಅಚ್ಚು ಹಾಕಿದವನಿಗೆ ಏನು ಗೊತ್ತು, ಒಂದು ಟಿಕ್ಕಿನಲ್ಲಿ ಮೂರು ವರ್ಷ ಹೋಗುತ್ತದೆ, ಹೋಗಲಿ ಎನ್ನಲು ಬಾಯಿ ಬರುವುದಿಲ್ಲ, ಬೇಕು, ನರ್ಸಿನ ಟೋಪಿ ಬೇಕು, ಸರ್ಟಿಫಿಕೇಟು ಬೇಕು, ಆಂಪ್ಯೂಲ್ ಎಂದು ಬರೆದರೆ ಆಯಿತು, ಆ ಒಂದು ಪದಕ್ಕೆ ಎಲ್ಲ ಮುಗಿಯಿತು, ಆಂಪ್ಯೂಲಿನ ಗಾಜು ಬಿಳಿ, ಇಲ್ಲದಿದ್ದರೆ ಕಂದು, ಮೂರು ವರ್ಷದಲ್ಲಿ ಸಾವಿರ ಒಡೆದಿದ್ದಾಳೆ, ಬಿಳಿ ಅಥವಾ ಕಂದು. ಹನ್ನೊಂದನೇ ಮಂಚದಿಂದ ಮುದುಕಿ ಇನ್ನೂ ಕೇಳುತ್ತಿದ್ದಾಳೆ, ಗೋಡೆಯಾಚೆಯಿಂದ, ಯಾರಿಗೂ ತಿಳಿಯದ ಕನ್ನಡದಲ್ಲಿ, ಹೇಳವ್ವ, ಕೂಸಿಗಿ ಏನೂ ಆಗಂಗಿಲ್ಲಲ್ಲ. ಬಳೆ ಎಂದು ಬರೆದಳು. ಪೆನ್ನು ಕೆಳಗಿಳಿಸಿ ಬಲಗಡೆಯ ಚೌಕಕ್ಕೆ ಟಿಕ್ ಹಾಕಿದಳು, ಕಾಗದ ಹರಿಯುವಷ್ಟು ಒತ್ತಿ. ಸ್ನೇಹಲ್ ಮೇಡಮ್ ಬೆನ್ನ ಮೇಲಿನ ಕೈಯನ್ನು ತೆಗೆದರು. ನೀರು ಹರಿಯುತ್ತಿದೆ, ಇನ್ನು ಏನನ್ನು ನುಂಗಬೇಕು ಎಂದು ಹುಡುಕಿದಳು, ಬಾಯಿ ಒಣಗಿತ್ತು, ಮನೆಗೆ ಹೋಗಿ ಏನು ಹೇಳುವುದು, ಹಿತೇಶನಿಗೆ ಏನು, ನಾಳೆ ಆರೂಮುಕ್ಕಾಲರ ಲೋಕಲ್, ನಾಳೆ ಲೋಕಲ್ ಇಲ್ಲ, ನಾಳೆ, ಟ್ರೇ ಇನ್ನೂ ಅಲ್ಲೇ ಇದೆ, ಯಾರೂ ತೆಗೆದಿಲ್ಲ, ಹಳದಿ ಹತ್ತಿ, ಅದರ ನಡುವೆ ಬಾಗಿದ ಹಸಿರು, ಒಂದು ತುದಿ ಕೆಂಪು, ಹಸಿರು.